ಕಮಲತ್ತೆಯ ರಕ್ತದಲ್ಲಿ ಆರದ ಒಲೆ

ಮಣಿಪಾಲದ ಆ ಕಟ್ಟಡದ ಎರಡನೆಯ ಮಹಡಿಯಲ್ಲಿ ಈಗ ಉಗುರಿಗೆ ಬಣ್ಣ ಹಚ್ಚುತ್ತಾರೆ. ಕಳೆದ ವಾರ ಅಕ್ಕನ ಮಗಳ ಮದುವೆಗೆ ಮುಂಚೆ ಅವಳನ್ನು ಕರೆದುಕೊಂಡು ಉದ್ಯಾವರದಿಂದ ಅಲ್ಲಿಗೆ ಹೋಗಿದ್ದೆ. ಬಾಗಿಲು ತಳ್ಳಿದ ಕೂಡಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಹುಡುಗಿಯರು ಸಾಲಾಗಿ ಕೈ ಚಾಚಿ ಕೂತಿದ್ದರು. ಹಿಂದೆಯೂ ಜನ ಅಲ್ಲಿ ಹೀಗೆಯೇ ಕೈ ಚಾಚಿ ಕೂರುತ್ತಿದ್ದರು. ಆಗ ಅಲ್ಲಿ ರಕ್ತ ತೆಗೆಯುತ್ತಿದ್ದೆವು. ಈಗ ಬಂದವರು ಹೋಗುವಾಗ ಕೈಯಲ್ಲಿ ಏನಾದರೂ ಇಟ್ಟುಕೊಂಡು ಹೋಗುತ್ತಾರೆ. ಆ ಲೆಕ್ಕದಲ್ಲಿ ನೋಡಿದರೆ ಕಟ್ಟಡಕ್ಕೆ ಮರ್ಯಾದೆ ಬಂದದ್ದು ಈಗಲೇ.

ಮಣಿಪಾಲವೆಂದರೆ ಜನರಿಗೆ ನೆನಪಾಗುವ ದೊಡ್ಡ ಹೆಸರುಗಳಿಗೂ ನಮ್ಮ ಲ್ಯಾಬಿಗೂ ಯಾವ ಸಂಬಂಧವೂ ಇರಲಿಲ್ಲ. ಬಾಡಿಗೆ ಕಟ್ಟಡದ, ಒಬ್ಬರೇ ಯಜಮಾನರ ಲ್ಯಾಬ್ ಅದು. ಯಜಮಾನರನ್ನು ನಾವು ಎದುರಿಗೆ ಸರ್ ಎಂದೂ ಬೆನ್ನ ಹಿಂದೆ ಧಣಿ ಎಂದೂ ಕರೆಯುತ್ತಿದ್ದೆವು. ರಕ್ತದ ತಜ್ಞರು. ತಮ್ಮ ಮಾತಿಗೆ ತಾವೇ ತಲೆದೂಗುವ ಅಪರೂಪದ ಕಲೆ ಅವರಿಗೆ ಸಿದ್ಧಿಸಿತ್ತು. ಗೋಡೆಯ ಮೇಲೆ ಅವರು ಹೋಗಿಬಂದ ಸಮ್ಮೇಳನಗಳ ಫೋಟೊಗಳಿದ್ದವು. ಎಲ್ಲದರಲ್ಲೂ ಒಂದೇ ಕೋಟು, ಒಂದೇ ನಗು. ನಾನು ಅಲ್ಲಿ ಸಂಶೋಧನಾ ಸಹಾಯಕಿ. ಅಂದರೆ ರಕ್ತ ತೆಗೆಯುವವಳು, ಯಂತ್ರ ನಡೆಸುವವಳು, ಅವರ ಭಾಷಣದ ಚಿತ್ರಗಳಿಗೆ ಬಣ್ಣ ತುಂಬುವವಳು.

ಅವರ ಭಾಷಣ ಯಾವ ಊರಿನಲ್ಲಾದರೂ ಉಡುಪಿಯ ಮಠಗಳ ಪರ್ಯಾಯದಿಂದಲೇ ಶುರುವಾಗುತ್ತಿತ್ತು. ಗರ್ಭದಲ್ಲಿರುವ ಮಗುವಿನ ರಕ್ತಕ್ಕೆ ಒಂದು ಬಗೆಯ ಹಿಮೋಗ್ಲೋಬಿನ್, ಹುಟ್ಟಿದ ಮೇಲೆ ಇನ್ನೊಂದು ಬಗೆಯದು. ಎರಡರ ಜೀನುಗಳೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಸಾಯುವ ತನಕ ಅಲ್ಲೇ ಇರುತ್ತವೆ. ಯಾವುದು ಯಾವಾಗ ದುಡಿಯಬೇಕೆಂದು ತೀರ್ಮಾನಿಸುವುದು ಅವುಗಳ ಆಚೀಚೆ ಇರುವ ಡಿಎನ್‌ಎ ತುಣುಕುಗಳು. ಸಾಲಿನ ತಲೆಯ ಕಡೆ, ಸಾಕಷ್ಟು ದೂರದಲ್ಲಿ, ಒಂದು ನಿಯಂತ್ರಣದ ಜಾಗವುಂಟು. ಅದು ಬಾಗಿ ಬಂದು ಯಾವ ಜೀನನ್ನು ಮುಟ್ಟುತ್ತದೋ ಅದು ಎಚ್ಚರಾಗುತ್ತದೆ. ಹುಟ್ಟುವ ಹೊತ್ತಿಗೆ ಗರ್ಭದ ಜೀನಿನ ಹೊಸ್ತಿಲಲ್ಲಿ ಒಂದು ಪ್ರೋಟೀನು ಬಂದು ಅಡ್ಡ ಕೂರುತ್ತದೆ. ಆಗ ದೂರದ ಆ ಕೈ ದೊಡ್ಡವರ ಜೀನಿನ ಕಡೆಗೆ ಹೊರಳುತ್ತದೆ. ಇದು ಒಂದು ಮಠದ ಸರದಿ ಮುಗಿದು ಇನ್ನೊಂದಕ್ಕೆ ಸಟ್ಟುಗ ಕೊಟ್ಟ ಹಾಗೆ ಎಂದು ಧಣಿ ಹೇಳಿ ಕೈ ಬೀಸಿದರೆ ಸಭೆಗೆ ಸಭೆಯೇ ಚಪ್ಪಾಳೆ. ಹೊಸ್ತಿಲಲ್ಲಿ ಅಡ್ಡ ಕೂರುವವನ ವಿಷಯ ಅವರಿಗೆ ಅಷ್ಟು ರುಚಿಸುತ್ತಿರಲಿಲ್ಲ. ಅದು ಗೊತ್ತಿಲ್ಲದೆ ಅಲ್ಲ. ಬೇರೆಯವರು ಕಂಡುಹಿಡಿದದ್ದು ಎಂಬ ಕಾರಣಕ್ಕೆ.

ನಾನು ನೆನೆಯುತ್ತಿರುವುದು ಆ ಲ್ಯಾಬಿನಲ್ಲಿ ಕಳೆದ ಕೊನೆಯ ಮಳೆಗಾಲವನ್ನು. ಮಳೆ ಹಿಡಿದ ಹೊಸತರಲ್ಲಿ ದಿನೇಶ ಬಂದ. ಕಾಪುವಿನವ, ಮಲ್ಪೆಯಿಂದ ಮೀನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಶ್ವೇತಾ ಬಸುರಿ. ಕಾರ್ಕಳದ ಹುಡುಗಿ, ಅಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತಿದ್ದವಳು. ಬಸುರಿಯರಿಗೆ ಮಾಡುವ ಪರೀಕ್ಷೆಯಲ್ಲಿ ಅವಳು ಥಲಸ್ಸೀಮಿಯಾದ ವಾಹಕಿ ಎಂದು ತಿಳಿದಿತ್ತು. ಅವಳಿಗೇನೂ ತೊಂದರೆಯಿಲ್ಲ. ಆದರೆ ಗಂಡನಿಗೂ ಅಂಥದ್ದೇ ಇದ್ದರೆ ಮಗು ಜೀವನಪೂರ್ತಿ ಬೇರೆಯವರ ರಕ್ತ ಏರಿಸಿಕೊಂಡು ಬದುಕಬೇಕಾದೀತು. ಹಾಗಾಗಿ ಅವನನ್ನು ನಮ್ಮಲ್ಲಿಗೆ ಕಳಿಸಿದ್ದರು. ಯಂತ್ರಕ್ಕೆ ಹಾಕಿದರೆ ಅವನ ರಕ್ತದಲ್ಲಿ ಗರ್ಭದ ಹಿಮೋಗ್ಲೋಬಿನ್ ಬೇಕಾದಷ್ಟು ಉಂಟು. ಮೂವತ್ತು ದಾಟಿದ ಗಂಡಸು, ಮೀನಿನ ಪೆಟ್ಟಿಗೆಗಳನ್ನು ಹೂವಿನ ಹಾಗೆ ಎತ್ತುವವನು, ಅವನೊಳಗೆ ಕೂಸಿನ ರಕ್ತ.

ಇದಕ್ಕೆ ಎರಡು ಅರ್ಥವಿರಬಹುದಿತ್ತು. ಒಂದು, ದೊಡ್ಡವರ ಜೀನೇ ತುಂಡಾಗಿ ಕಳೆದುಹೋಗಿ, ಹಳೆಯದು ಹೇಗೋ ಸಂಸಾರ ತೂಗಿಸುತ್ತಿರುವುದು. ಅದು ತಾಯಿಯ ದೋಷದ ಜೊತೆ ಸೇರಿದರೆ ಮಗುವಿಗೆ ಕಷ್ಟ. ಇನ್ನೊಂದು, ಜೀನುಗಳೆಲ್ಲ ನೆಟ್ಟಗೇ ಇದ್ದು ಹೊಸ್ತಿಲಲ್ಲಿ ಅಡ್ಡ ಕೂರಬೇಕಾದವನಿಗೆ ಕೂರುವ ಜಾಗವೇ ಕೆಟ್ಟಿರುವುದು. ಇದು ರೋಗವೇ ಅಲ್ಲ. ತಾಯಿಯ ದೋಷದ ಜೊತೆ ಸೇರಿದರೆ ಮಗುವನ್ನು ಕಾಯುವುದು ಇದೇ. ಯಾವುದು ಎಂದು ತಿಳಿಯಬೇಕಿತ್ತು, ಅಷ್ಟೇ. ಆ ಅಷ್ಟರ ಮೇಲೆ ಒಂದು ಜೀವ ನಿಂತಿತ್ತು.

ಹೀಗೆ ಕಳೆದುಹೋಗುವುದೆಂದು ಗೊತ್ತಿರುವ ತುಂಡುಗಳನ್ನು ಹುಡುಕುವ ಕಿಟ್ ನಮ್ಮಲ್ಲಿತ್ತು. ಅದರಲ್ಲಿ ಏನೂ ಸಿಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸದ್ಯ ಎನ್ನುತ್ತಿದ್ದರು. ಧಣಿಯ ಮುಖ ಮಾತ್ರ ಹೊಸ ಅಳಿಯನ ಮುಖದ ಹಾಗೆ ಅರಳಿತು. ಇದು ಜಗತ್ತು ಈವರೆಗೆ ಕಾಣದ ಹೊಸ ತುಂಡು ಎಂದು ಅವರಿಗೆ ಅಲ್ಲೇ ಹೊಳೆದುಬಿಟ್ಟಿತು. ಇಂಥವಕ್ಕೆ ಊರಿನ ಹೆಸರಿಡುವುದು ಈ ವಿದ್ಯೆಯಲ್ಲಿ ರೂಢಿ. ಧಣಿ ತಮ್ಮ ಹುಟ್ಟೂರಿನ ಹೆಸರಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಕೇಳಿದ್ದೆ, ಹೊಲಿದದ್ದನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ. ಮರುದಿನವೇ ಲೇಖನದ ಶೀರ್ಷಿಕೆ ಸಿದ್ಧವಾಯಿತು. ಲೇಖನಕ್ಕೆ ಕುಟುಂಬದ ಅಧ್ಯಯನವೂ ಬೇಕಲ್ಲ, ದಿನೇಶನನ್ನು ಕರೆದು ರಕ್ತಸಂಬಂಧಿಗಳನ್ನೆಲ್ಲ ಕರೆದುಕೊಂಡು ಬಾ ಎಂದರು.

ದಿನೇಶ ಟೆಂಪೊ ತೊಳೆದು, ತುಂಬ ಜನ ತಂದ. ತಾಯಿ, ತಾಯಿಯ ಅಣ್ಣ ತಮ್ಮಂದಿರು, ಚಿಕ್ಕಮ್ಮಂದಿರು, ಅವರ ಮಕ್ಕಳು. ಎಲ್ಲರೂ ಮದುವೆಗೆ ಹೊರಟವರ ಹಾಗೆ ಉಡುಪು ಹಾಕಿಕೊಂಡು ಬಂದು ಕೈ ಚಾಚಿದರು. ಆಮೇಲೆ ಕೆಳಗಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು ಹೋದರು. ಒಬ್ಬರ ರಕ್ತದಲ್ಲೂ ಏನೂ ಇಲ್ಲ. ವಂಶದಲ್ಲಿ ಎಲ್ಲೂ ಇಲ್ಲದ್ದು ಇವನಲ್ಲಿ ಹೊಸದಾಗಿ ಹುಟ್ಟಿದೆ ಎಂದು ಧಣಿ ಇನ್ನಷ್ಟು ಹಿಗ್ಗಿದರು. ದಿನೇಶನಿಗೂ ಶ್ವೇತಾಳಿಗೂ ಬಹುಶಃ ಕೆಟ್ಟ ಜಾತಿಯದೇ, ನೀವು ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು ಎಂದು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ಪರ್ಯಾಯದ ಬಗ್ಗೆ ಇದರ ಹತ್ತರಷ್ಟು ಮಾತಾಡುತ್ತಿದ್ದರು.

ಅಷ್ಟರಲ್ಲಿ ಮಂಗಳೂರಿನಲ್ಲಿ ಗರ್ಭದ ನೀರು ತೆಗೆದು ನೋಡಿದ್ದರು. ತಾಯಿಯ ದೋಷ ಮಗುವಿಗೆ ಬಂದಿತ್ತು. ತಂದೆಯದು ಏನೆಂದೇ ತಿಳಿಯದ ಮೇಲೆ ಮಗುವಿನಲ್ಲಿ ಹುಡುಕುವುದಾದರೂ ಏನನ್ನು? ಗರ್ಭ ತೆಗೆಸುವುದಾದರೆ ಕಾನೂನಿನ ಗಡುವು ಹತ್ತಿರ ಬರುತ್ತಿತ್ತು. ಶ್ವೇತಾ ಆಟಿ ತಿಂಗಳಿಗೆ, ಅಂದರೆ ತುಳುವರ ಆಷಾಢಕ್ಕೆ, ತವರಿಗೆ ಹೋದಳು. ಮದುವೆಯಾದ ಹೊಸತರಲ್ಲಿ ಆಟಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿಯೇ. ಆದರೆ ಅವಳು ಹೊರಟ ರೀತಿ ಹಾಗಿರಲಿಲ್ಲ, ಗಂಡನ ಮುಖ ನೋಡದೆ ಹೋದಳು ಎಂದು ದಿನೇಶನೇ ಹೇಳಿದ. ಗರ್ಭ ತೆಗೆಸಲು ಮಂಗಳೂರಿನ ಡಾಕ್ಟರಮ್ಮ ಗಡುವಿಗೆ ಮುಂಚಿನ ಸೋಮವಾರ ಬರಲು ಹೇಳಿದ್ದರು.

ಧಣಿ ದಿನೇಶನ ರಕ್ತವನ್ನು ವಿದೇಶದ ಲ್ಯಾಬಿಗೆ ಕಳಿಸಿ ತುಂಡಿಗಾಗಿ ಕಾಯುತ್ತಾ ಕೂತರು. ಗರ್ಭದ ಜೀನಿನ ಹೊಸ್ತಿಲನ್ನು ಒಮ್ಮೆ ಓದಿಸೋಣ ಎಂದು ನಾನು ಜೂನ್‌ನಲ್ಲೇ ಕೇಳಿದ್ದೆ. ಸುಮ್ಮನೆ ದಂಡ ಎಂದಿದ್ದರು. ನಾನು ಕಾಡಿ ಕಾಡಿ ಬೆಂಗಳೂರಿಗೆ ಕಳಿಸಿದೆ. ಉತ್ತರ ಬಂತು. ಅಡ್ಡ ಕೂರುವ ಪ್ರೋಟೀನು ಹಿಡಿದುಕೊಳ್ಳುವ ಜಾಗದಲ್ಲೇ ಒಂದಕ್ಷರ ಬದಲಾಗಿತ್ತು. ಕಾಗದ ಹಿಡಿದು ಧಣಿಯ ಕೋಣೆಗೆ ಓಡಿದೆ. ಧಣಿ ಮಾತ್ರ ಕನ್ನಡಕ ಏರಿಸಿ, ಇಂಥ ಅಕ್ಷರ ಬದಲಾವಣೆ ಸಾವಿರ ಇರುತ್ತವೆ, ಇದು ಎಲ್ಲೂ ದಾಖಲಾದದ್ದಲ್ಲ, ಇದರ ಜೊತೆ ತುಂಡು ಕಳೆದಿಲ್ಲ ಎಂದು ಯಾರು ಹೇಳಿದರು ಎಂದರು. ಈ ಅಕ್ಷರ ಇದ್ದೂ ಆರೋಗ್ಯವಾಗಿರುವ ಇನ್ನೊಬ್ಬ ಸಂಬಂಧಿಯನ್ನು ತೋರಿಸು, ಆಮೇಲೆ ಮಾತಾಡು ಎಂದರು. ಮಾತು ಸರಿಯಾದದ್ದೇ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ನಾನು ಬಸ್ಸು ಹತ್ತಿ ಕಾಪುವಿಗೆ ಹೋದೆ. ಆಟಿಯ ಮಳೆ, ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ದಿನೇಶನ ತಾಯಿ ಚಾ ಕೊಟ್ಟು, ನಮ್ಮಲ್ಲಿ ಯಾರಿಗೂ ಇಲ್ಲದ್ದು ಇವನಿಗೆ ಎಲ್ಲಿಂದ ಬಂತು ಮೇಡಂ, ಹುಡುಗಿಯ ಕಡೆಯದೇ ಇರಬೇಕು ಎಂದು ಶುರು ಮಾಡಿದರು. ಗೋಡೆಯಲ್ಲಿ ತೀರಿಹೋದ ಗಂಡನ ಫೋಟೊ ಇತ್ತು. ಅದನ್ನು ನೋಡುತ್ತಾ, ಇವರ ಕಡೆಯವರು ಅಂದು ಯಾರು ಯಾರು ಬಂದಿದ್ದರು ಎಂದು ಕೇಳಿದೆ.

“ಅವರದ್ದು ಬೇರೆ ಬರಿ ಅಲ್ವಾ ಮೇಡಂ?” ಎಂದರು ಆಕೆ. “ರಕ್ತ ಅಂದರೆ ತಾಯಿಯ ಕಡೆಯದು. ಅವರನ್ನು ಎಂತಕ್ಕೆ ಕರೆಯುವುದು?”

ನಾನು ಚಾ ಕೆಳಗಿಟ್ಟೆ. ಇವರದು ಅಳಿಯಕಟ್ಟು. ಬರಿ ಎಂಬ ವಂಶದ ಹೆಸರು ತಾಯಿಯಿಂದ ಬರುತ್ತದೆ, ಸೂತಕ ಹಿಡಿಯುವುದು ತಾಯಿಯ ಕಡೆಯವರಿಗೆ, ಹಿರಿಯತನ ಸೋದರಮಾವನಿಗೆ. ತಂದೆ ಮನೆಯಲ್ಲೇ ಉಂಡು ಮಲಗಿದರೂ ಬೇರೆ ವಂಶದವನು. ಹಾಗಾಗಿ ಟೆಂಪೊದಲ್ಲಿ ತಂದೆಯ ಕಡೆಯ ಒಂದು ನರಪಿಳ್ಳೆಯೂ ಇರಲಿಲ್ಲ. ಅವರ ಕಟ್ಟಿನಲ್ಲಿ ಅವರು ಸರಿಯೇ. ನಾನು ಕ್ರಿಶ್ಚಿಯನರವಳು, ನಮ್ಮಲ್ಲಿ ತಂದೆಯ ಮನೆತನವೇ ನಡೆಯುವುದು. ಅಷ್ಟು ಜನ ಬಂದಾಗ ಎರಡೂ ಕಡೆಯವರು ಬಂದಿದ್ದಾರೆಂದು ಯಾರಾದರೂ ತಿಳಿಯುತ್ತಾರೆ. ಆದರೆ ಧಣಿ ಇದೇ ಜಿಲ್ಲೆಯಲ್ಲಿ ಹುಟ್ಟಿದವರು, ಅಳಿಯಕಟ್ಟಿನವರ ನೆರೆಯಲ್ಲೇ ಬೆಳೆದವರು. ಜೀನಿನ ಅರ್ಧ ಪಾಲು ತಂದೆಯದೆಂದು ಕೋಟು ಹಾಕಿಕೊಂಡು ಊರೂರಿಗೆ ಹೇಳುವವರಿಗೆ ವಂಶವೃಕ್ಷದ ಅರ್ಧ ಖಾಲಿಯಿರುವುದು ಕಾಣಲಿಲ್ಲ. ಹೆಸರಿಡುವ ಅವಸರದಲ್ಲಿ ಯಾರಿಗೆ ತಾನೇ ಕಂಡೀತು!

ತಂದೆಯ ಕಡೆಯವರು ಅಲೆವೂರಿನವರು. ತಂದೆ ತೀರಿದಾಗ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಸರಿಯಾಗಿ ಕರೆಯಲಿಲ್ಲವೆಂದು ಮನಸ್ತಾಪವಾಗಿ ಹೋಗಿಬರುವುದು ನಿಂತಿತ್ತು. ತಂದೆಯ ಅಕ್ಕ ಕಮಲ, ಎಪ್ಪತ್ತು ದಾಟಿದವರು, ಆದಿ ಉಡುಪಿಯ ಸಂತೆಯಲ್ಲಿ ತರಕಾರಿ ಮಾರುತ್ತಾರೆ ಎಂದಷ್ಟೇ ದಿನೇಶನಿಗೆ ಗೊತ್ತು. ತಾಯಿ ಬೇಡವೆಂದು ಕೂತರು. ದಿನೇಶ ಟೆಂಪೊದ ಕೀಲಿ ತೆಗೆದುಕೊಂಡ. ದಾರಿಯಲ್ಲಿ ನಾನು ಅವನಿಗೆ ವಿಷಯ ಬಿಡಿಸಿ ಹೇಳಿದೆ. ಪರ್ಯಾಯ ಗಿರ್ಯಾಯ ಏನಿಲ್ಲ. ಮನೆಯಲ್ಲಿ ಒಂದು ಹಳೆ ಒಲೆ, ಒಂದು ಹೊಸ ಒಲೆ. ಹೊಸದು ಬಂದ ಮೇಲೆ ಹಳೆಯದನ್ನು ಹಚ್ಚಲು ಬಿಡದೆ ಒಬ್ಬಾಕೆ ಅದರ ಮುಂದೆ ಮಣೆ ಹಾಕಿ ಕೂರುತ್ತಾಳೆ. ನಿನ್ನಲ್ಲಿ ಆ ಮಣೆ ಮುರಿದಿದೆ ಎಂದು ನನ್ನ ಅಂದಾಜು. ಆಕೆಗೆ ಕೂರಲಾಗುವುದಿಲ್ಲ, ಹಳೆ ಒಲೆ ಆರಿಲ್ಲ.

“ಅಂದರೆ ನನಗೆ ಎರಡು ಒಲೆ ಉಂಟು. ಲಾಭವೇ ಅಲ್ವಾ ಮೇಡಂ?” ಎಂದ.

ಎರಡು ತಿಂಗಳಿನಿಂದ ನಮ್ಮ ಧಣಿಯ ಬಾಯಿಂದ ಬಾರದ ಮಾತು ಅದು. ಹೌದು ಮಾರಾಯ, ನಿನ್ನ ಮಗುವಿನ ಹೊಸ ಒಲೆ ಕೆಟ್ಟರೂ ಈ ಹಳೆಯದು ಕೈ ಹಿಡಿಯಬಹುದು ಎಂದೆ. ವೈಪರ್ ಕೆಟ್ಟಿತ್ತು, ಕಣ್ಣನ್ನೂ ಗಾಜನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಿದ.

ಕಮಲತ್ತೆ ಟಾರ್ಪಾಲಿನ ಕೆಳಗೆ ಹೀರೆಕಾಯಿ, ಅಲಸಂಡೆ, ಹರಿವೆಯ ರಾಶಿಯ ನಡುವೆ ಕೂತಿದ್ದರು. ದಿನೇಶ ನಿಂತದ್ದು ಕಂಡರೂ ಮೊದಲು ಗಿರಾಕಿಗೆ ಚಿಲ್ಲರೆ ಕೊಟ್ಟು ಮುಗಿಸಿದರು. ಅವನು ತಲೆ ತಗ್ಗಿಸಿ ವಿಷಯ ಹೇಳಿದ.

“ಇಷ್ಟು ವರ್ಷ ಊಟಕ್ಕೆ ಬೇಡದವಳು ಈಗ ರಕ್ತಕ್ಕೆ ಬೇಕಾದೆನಾ?” ಎಂದರು. ಆಮೇಲೆ ಕೈಬಳೆ ಮೇಲೆ ಸರಿಸಿ ಹರಿವೆಯ ಕಟ್ಟುಗಳ ಮೇಲಿಂದ ತೋಳು ಚಾಚಿದರು. “ತೆಗೆಯಿರಿ ಬಾಯಮ್ಮ. ತಮ್ಮನ ಮಗನಿಗೆ ಇಲ್ಲ ಅಂತ ಹೇಳಲಿಕ್ಕೆ ಆಗ್ತದಾ?”

ಸಂತೆಯಲ್ಲೇ ತೆಗೆದ ರಕ್ತವನ್ನು ಲ್ಯಾಬಿಗೆ ತಂದು ನಾನೇ ಯಂತ್ರಕ್ಕೆ ಹಾಕಿದೆ. ಗೆರೆ ಏರಿದ್ದನ್ನು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಮಲತ್ತೆಯ ರಕ್ತದಲ್ಲಿ ಗರ್ಭದ ಹಿಮೋಗ್ಲೋಬಿನ್ ದಿನೇಶನಿಗಿಂತ ಹೆಚ್ಚಿತ್ತು. ಅಷ್ಟೇ ಆಗಿದ್ದರೆ ನಾನು ಕೂರುತ್ತಿರಲಿಲ್ಲ. ಥಲಸ್ಸೀಮಿಯಾ ವಾಹಕರ ಗುರುತೂ ಅದರಲ್ಲಿ ಸ್ಪಷ್ಟವಾಗಿತ್ತು. ಶ್ವೇತಾಳ ದೋಷದಂಥದ್ದೂ ದಿನೇಶನದ್ದೂ ಎರಡೂ ಒಂದೇ ಮೈಯಲ್ಲಿ. ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದಿರಬೇಕು. ಹುಟ್ಟಬಾರದೆಂದು ನಾವೆಲ್ಲ ಹೆದರಿಸಿದ್ದ ಆ ಮಗು ಎಪ್ಪತ್ತು ವರ್ಷದಿಂದ ಅಲೆವೂರಿನಲ್ಲಿ ಗದ್ದೆ ಮಾಡುತ್ತಾ, ಮಕ್ಕಳನ್ನು ಹೆರುತ್ತಾ, ಸಂತೆಯಲ್ಲಿ ಗಿರಾಕಿಗಳನ್ನು ಬೈಯುತ್ತಾ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಧಣಿ ಅದನ್ನು ವಿದೇಶದಲ್ಲಿ ಹುಡುಕಿಸುತ್ತಿದ್ದರು. ಬೆಂಗಳೂರಿನಿಂದ ಅವಸರದಲ್ಲಿ ತರಿಸಿದ ಉತ್ತರದಲ್ಲಿ ಅದೇ ಜಾಗದಲ್ಲಿ ಅದೇ ಅಕ್ಷರ ಬದಲಾಗಿತ್ತು.

ಧಣಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಸತ್ತ ತುಂಡಿಗಾಗಿ ಒಂದು ನಿಮಿಷ ಮೌನ ಆಚರಿಸಿದರು ಎನ್ನಬಹುದು. ಮರುಕ್ಷಣವೇ ಕಣ್ಣು ಮಿನುಗಿತು. ಹಾಗಾದರೆ ಇದು ಇನ್ನೂ ಒಳ್ಳೆಯ ಲೇಖನ, ಒಂದೇ ಕುಟುಂಬದಲ್ಲಿ ಎರಡು ತಲೆಮಾರು, ಮಗು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯ ರಕ್ತ ನಮಗೇ ಬೇಕು ಎಂದರು. ಸೋಮವಾರಕ್ಕೆ ಮಂಗಳೂರಿನಲ್ಲಿ ದಿನ ಕೊಟ್ಟಿದ್ದಾರೆ, ಅವರಿಗೆ ಈಗಲೇ ಫೋನ್ ಮಾಡಿ ಸರ್ ಎಂದೆ. ವಿದೇಶದ ವರದಿ ಬರದೆ ನಾನು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ನನ್ನ ಹೆಸರಿನ ಪ್ರಶ್ನೆ ಎಂದರು. ಮಗು ಉಳಿಯದಿದ್ದರೆ ಬಳ್ಳಿಯ ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನಾದರೂ ಆ ಮನುಷ್ಯ ಯೋಚಿಸಿದ್ದರೆ ಸ್ವಲ್ಪ ಗೌರವ ಉಳಿಯುತ್ತಿತ್ತು. ಥೂ, ಸ್ವಾರ್ಥಕ್ಕೂ ಒಂದು ಬುದ್ಧಿ ಬೇಡವೇ!

ಎರಡೂ ಕಾಗದಗಳ ಪ್ರತಿಯನ್ನು ನಾನೇ ಮಂಗಳೂರಿನ ಡಾಕ್ಟರಮ್ಮನಿಗೆ ಕಳಿಸಿದೆ. ಅವರು ನೋಡಿ, ತಮಗೆ ತಿಳಿದ ಇನ್ನೊಬ್ಬ ತಜ್ಞರಿಗೂ ತೋರಿಸಿ, ಇದು ರೋಗದ ಜಾತಿಯಲ್ಲ, ತೆಗೆಸಬೇಕೆಂದು ನಾನು ಹೇಳುವುದಿಲ್ಲ, ತೀರ್ಮಾನ ಗಂಡ ಹೆಂಡತಿಯದು ಎಂದರು. ಅದನ್ನು ಹೇಳಲು ಕಾರ್ಕಳಕ್ಕೆ ಹೋದೆ. ಶ್ವೇತಾ ಕಿಟಕಿಯ ಬಳಿ ಕೂತು ನನ್ನ ಮಾತನ್ನು ಪೂರ್ತಿ ಕೇಳಿದಳು. ಎರಡು ತಿಂಗಳಲ್ಲಿ ಅವಳು ಎಷ್ಟು ಬಿಳಿಕೋಟುಗಳನ್ನು ಕಂಡಿದ್ದಳೋ, ಎಲ್ಲರ ಪಾಲಿನ ತಾತ್ಸಾರವನ್ನೂ ಅವಳ ಕಣ್ಣು ನನಗೊಬ್ಬಳಿಗೇ ಕೊಟ್ಟಿತು. ಕೊಡಲಿ, ನ್ಯಾಯವೇ.

“ನೀವು ಮೊದಲು ಉಂಟು ಅಂದಿರಿ, ಈಗ ಇಲ್ಲ ಅನ್ನುತ್ತೀರಿ,” ಎಂದಳು. “ನನಗೆ ಕಾಗದ ಬೇಡ. ಆ ಅತ್ತೆಯನ್ನು ನೋಡಬೇಕು.”

ಮರುದಿನ ದಿನೇಶ ಅವಳನ್ನು ಆದಿ ಉಡುಪಿಗೆ ಕರೆತಂದ, ನಾನೂ ಹೋಗಿದ್ದೆ. ಅವಳು ಹತ್ತಿರ ಹೋಗಲಿಲ್ಲ. ಎದುರಿನ ಅಂಗಡಿಯ ಸೂರಿನ ಕೆಳಗೆ ಕೊಡೆ ಹಿಡಿದು ನಿಂತು ನೋಡಿದಳು. ಕಮಲತ್ತೆ ಸೌತೆಕಾಯಿಯ ಗೋಣಿಯನ್ನು ಮೊಣಕಾಲಿಗೆ ಆನಿಸಿ ಎತ್ತಿದರು, ಸುರಿದರು. ಗಿರಾಕಿಯೊಬ್ಬ ರೇಟು ಕೇಳಿ ಮೂಗು ಮುರಿದದ್ದಕ್ಕೆ ಅವನ ಅಜ್ಜನ ಕಾಲದಿಂದ ಶುರು ಮಾಡಿದರು. ನಡುವೆ ಎಲೆ ಅಡಿಕೆ ಹಾಕಿಕೊಂಡರು. ಶ್ವೇತಾ ಅವರ ಉಸಿರನ್ನೂ ಕಣ್ಣಿನ ಬಣ್ಣವನ್ನೂ ಕೈಯ ಉಗುರನ್ನೂ ನೋಡುತ್ತಿದ್ದಳು. ಎಷ್ಟೋ ಹೊತ್ತಾದ ಮೇಲೆ ಅತ್ತೆಯೇ ಇವಳನ್ನು ಕಂಡರು. ಹೊಟ್ಟೆಯ ಕಡೆ ಒಮ್ಮೆ, ದಿನೇಶನ ಕಡೆ ಒಮ್ಮೆ ನೋಡಿ, ಬಸುರಿಯನ್ನು ಮಳೆಯಲ್ಲಿ ನಿಲ್ಲಿಸಿದ್ದೀಯಲ್ಲ, ನಿನ್ನ ಅಪ್ಪನಿಗೂ ಬುದ್ಧಿ ಇರಲಿಲ್ಲ ಎಂದು ಅವನಿಗೆ ಬೈದು, ಇವಳಿಗೆ ಕೂರಲು ಗೋಣಿ ಹಾಸಿದರು. ಶ್ವೇತಾ ಕೂತಳು. ಕೂತು, ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸೋಮವಾರ ಅವರು ಮಂಗಳೂರಿಗೆ ಹೋಗಲಿಲ್ಲ.

ಸಂಕ್ರಾಂತಿಗೆ ಮೊದಲೇ ಹೆಣ್ಣುಮಗು ಹುಟ್ಟಿತು. ವಿದೇಶದಿಂದಲೂ ಉತ್ತರ ಬಂದಿತ್ತು, ಯಾವ ತುಂಡೂ ಕಳೆದಿಲ್ಲವೆಂದು. ಹೆರಿಗೆಯ ದಿನ ಧಣಿ ಐಸ್ ಪೆಟ್ಟಿಗೆಯ ಜೊತೆ ನನ್ನನ್ನು ಆಸ್ಪತ್ರೆಗೆ ಅಟ್ಟಿದರು. ತಾಯಿಯದು ಮಗುವಿಗೆ ಬಂದಿದೆ ಎಂದು ಗೊತ್ತಿತ್ತು, ತಂದೆಯದೂ ಬಂದಿದೆಯೇ ಎಂಬುದೊಂದು ಉಳಿದಿತ್ತು. ಬಂದಿದ್ದರೆ ಕಮಲತ್ತೆಯ ಹಾಗೆ, ಇಲ್ಲದಿದ್ದರೆ ಶ್ವೇತಾಳ ಹಾಗೆ. ಎರಡರಲ್ಲೂ ಮಗುವಿಗೆ ಭಯವಿಲ್ಲ. ಬೇಕಾದದ್ದು ಲೇಖನಕ್ಕೆ ಮಾತ್ರ. ಶ್ವೇತಾ ಮಲಗಿದಲ್ಲಿಂದಲೇ ಪೆಟ್ಟಿಗೆಯನ್ನು ನೋಡಿದಳು.

“ನಮ್ಮ ಬಗ್ಗೆ ಎಂತ ಬೇಕಾದರೂ ಬರೆದುಕೊಳ್ಳಿ,” ಎಂದಳು. “ಅವಳ ರಕ್ತ ಒಂದು ಹನಿಯೂ ಸಿಗಲಿಕ್ಕಿಲ್ಲ.”

ಖಾಲಿ ಪೆಟ್ಟಿಗೆ ಕಂಡು ಧಣಿ ಅಂದು ಮಾತಾಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಪರ್ಯಾಯದ ಉಪಮೆ ಅದರಲ್ಲಿ ಇರಲಿಲ್ಲ. ನಾನು ಆ ತಿಂಗಳೇ ಕೆಲಸ ಬಿಟ್ಟೆ. ವರ್ಷದೊಳಗೆ ಲ್ಯಾಬೂ ಮುಚ್ಚಿತು. ಧಣಿ ಎಲ್ಲೋ ಇನ್ನೂ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರೆ, ಅಂಥವರು ಕೂರುವುದು ಅಲ್ಲಿಯೇ.

ಉಗುರಿನ ಅಂಗಡಿಯಲ್ಲಿ ಇದೆಲ್ಲ ತಲೆಗೆ ಬಂದು ಕೂರಲಾಗಲಿಲ್ಲ. ಅಕ್ಕನ ಮಗಳನ್ನು ಅವಳ ಹತ್ತು ಬೆರಳುಗಳ ಜೊತೆ ಅಲ್ಲಿಯೇ ಬಿಟ್ಟು ಕಾಪುವಿನ ಬಸ್ಸು ಹತ್ತಿದೆ. ದಿನೇಶನ ಮನೆ ಹಾಗೆಯೇ ಇದೆ, ಟೆಂಪೊ ಹೊಸದು. ಕಮಲತ್ತೆ ಈಗ ಸಂತೆಗೆ ಹೋಗುವುದಿಲ್ಲವಂತೆ. ಸೊಂಟ ನೋವಂತೆ, ಬೈಗುಳಕ್ಕೆ ಮಾತ್ರ ಏನೂ ಆಗಿಲ್ಲವಂತೆ. ಶ್ವೇತಾ ಚಾ ಕೊಟ್ಟಳು, ನಕ್ಕಳು, ಹಳೆಯದನ್ನೆಲ್ಲ ಮರೆತವಳ ಹಾಗೆ ಮಾತಾಡಿದಳು. ಮಗಳು ಅನ್ವಿ, ಒಂದನೆಯ ಕ್ಲಾಸು. ಅರ್ಥ ಕೇಳಿದರೆ ಹೆತ್ತವರೂ ಮೊಬೈಲು ತೆಗೆಯಬೇಕಾದ ಈಗಿನ ಕಾಲದ ಹೆಸರು. ಹುಡುಗಿ ಮಾತ್ರ ಕಮಲತ್ತೆಯ ಅಚ್ಚು. ಅಂಗಳದಲ್ಲಿ ನೆರೆಮನೆಯ ಮಕ್ಕಳನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಕಲ್ಲಿಗೆ ಎಡವಿ ನನ್ನ ಕಾಲ ಬಳಿಯೇ ಬಿದ್ದಳು.

ಮೊಣಕಾಲು ತರಚಿ ರಕ್ತ ಬಂತು. ನಾನು ಕುಕ್ಕರುಗಾಲಿನಲ್ಲಿ ಕೂತು ಕರ್ಚೀಫು ತೆಗೆದು ಒತ್ತಿ ಹಿಡಿದೆ. ಬಿಳಿ ಬಟ್ಟೆಯಲ್ಲಿ ಕೆಂಪು ನಿಧಾನಕ್ಕೆ ಹರಡಿತು. ಇಷ್ಟು ಸಾಕು, ಇದರಲ್ಲಿ ಎಲ್ಲ ಉಂಟು, ಆ ಒಂದಕ್ಷರವೂ ಉಂಟೋ ಇಲ್ಲವೋ ನಾಳೆಯೇ ಗೊತ್ತಾಗುತ್ತದೆ ಎಂದು ನನ್ನ ತಲೆಯೊಳಗೆ ಯಾರೋ ಹೇಳಿದರು. ದನಿ ಧಣಿಯದೇ ಇತ್ತು. ನಾನು ಕರ್ಚೀಫನ್ನು ಮಡಚಿದೆ.

ಶ್ವೇತಾ ನಗುತ್ತಲೇ ಮೆಟ್ಟಿಲಿಳಿದು ಬಂದು ಕೈ ಚಾಚಿದಳು.

“ಅದು ಇಲ್ಲಿ ಕೊಡಿ ಮೇಡಂ. ತೊಳೆದು ಕ್ಲೀನ್ ಮಾಡಿ ಕೊಡುತ್ತೇನೆ.”

ಪರವಾಗಿಲ್ಲ, ಮನೆಯಲ್ಲಿ ತೊಳೆದುಕೊಳ್ಳುತ್ತೇನೆ ಎಂದೆ. ಅವಳ ನಗು ಹಾಗೆಯೇ ಇತ್ತು, ಚಾಚಿದ ಕೈಯೂ ಹಾಗೆಯೇ ಇತ್ತು. ಕೊಟ್ಟೆ. ಅವಳು ಬಾವಿಕಟ್ಟೆಗೆ ಹೋಗಿ, ನನಗೆ ಕಾಣುವ ಹಾಗೆ ನಿಂತು, ಸಾಬೂನು ಹಾಕಿ, ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಹಿಂಡಿದಳು.